ಇರ್ತದ ಬುಡು ಮಗ

ಜ್ವರಕ್ಕೆ ಥರ್ಮಾಮೀಟರ್ ಇದೆ, ಬಿಪಿಗೆ ಮಿಷನ್ ಇದೆ. ನೋವಿಗೆ ಅಂಥದ್ದೇನಿಲ್ಲ. ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂತ ಕೇಳಬೇಕು, ಹೇಳಿದ್ದನ್ನು ನಂಬಬೇಕು.

2025ರ ಜನವರಿ 30ರಂದು ಅಮೆರಿಕದ ಎಫ್‌ಡಿಎ ಒಪ್ಪಿದ ಸುಜೆಟ್ರಿಜಿನ್ ಎಂಬ ಹೊಸ ಮಾತ್ರೆ ಬಂದಿದ್ದೂ ಈ ನಂಬಿಕೆಯ ಮೇಲೇ. ಆಪರೇಷನ್ ಮಾಡಿಸಿಕೊಂಡ ಎರಡು ಸಾವಿರಕ್ಕೂ ಹೆಚ್ಚು ಜನ 48 ಗಂಟೆ ಕಾಲ ತಮ್ಮ ನೋವಿಗೆ ನಂಬರು ಕೊಟ್ಟರು. ಮಾರ್ಫಿನ್‌ನಂಥ ಅಫೀಮಿನ ವಂಶದ ಮದ್ದುಗಳು ಮಿದುಳಿಗೆ ಹೋಗಿ ಕೆಲಸ ಮಾಡ್ತವೆ. ಅದಕ್ಕೇ ನೋವು ಇಳಿಯೋದರ ಜೊತೆಗೆ ಮತ್ತು, ಚಟ. ಇದು ಹಾಗಲ್ಲ. ನೋವಿನ ಸುದ್ದಿ ಒಯ್ಯುವ ನರದಲ್ಲೇ ಸೋಡಿಯಂನ ಒಂದು ಬಾಗಿಲು ಮುಚ್ಚುತ್ತೆ. ನಮ್ಮ ಭಾಷೇಲಿ, ಸರ್ವರ್ ಮುಟ್ಟದೆ ಪ್ಯಾಕೆಟ್ಟನ್ನು ದಾರೀಲೇ ಡ್ರಾಪ್ ಮಾಡೋದು.

ಪವಾಡವೇನಲ್ಲ. ಔಷಧಿಯೇ ಇಲ್ಲದ ಮಾತ್ರೆಗಿಂತ ವಾಸಿ ಅಂತ ಗೊತ್ತಾಯ್ತು. ಹೈಡ್ರೊಕೊಡೋನ್–ಪ್ಯಾರಾಸಿಟಮಾಲ್ ಜೋಡಿಯನ್ನು ಮೀರಿಸಲಿಲ್ಲ. 2025ರಲ್ಲಿ ಬಂದಾಗ ಒಂದು ಮಾತ್ರೆಗೆ 15.50 ಡಾಲರ್ ಇತ್ತು, ಅಂದ್ರೆ ಆಗಿನ ಲೆಕ್ಕಕ್ಕೆ ಸಾವಿರದ ಮುನ್ನೂರು ರೂಪಾಯಿಯ ಸುಮಾರು. ದಿನಕ್ಕೆ ಎರಡು. ಆದರೂ ಮಿತಿಮೀರಿದ ಒಪಿಯಾಯ್ಡ್‌ಗಳಿಂದ 2022ರ ಒಂದೇ ವರ್ಷದಲ್ಲಿ 80 ಸಾವಿರಕ್ಕೂ ಹೆಚ್ಚು ಜನರನ್ನು ಕಳಕೊಂಡ ದೇಶಕ್ಕೆ ಇದು ದೊಡ್ಡ ಸುದ್ದಿಯೇ.

ನಮ್ಮ ಉಡಿಗಾಲದ ಕಡೆ ಬನ್ನಿ. ಅರಿಶಿನ ಕೀಳುವ ಹೆಂಗಸರನ್ನು ಮಂಡಿ ಎಷ್ಟು ನೋಯ್ತದೆ ಅಂತ ಕೇಳಿ. ‘ಇರ್ತದ ಬುಡು ಮಗ’ ಅಂತಾರೆ. ಇದು ಸೊನ್ನೆಯಿಂದ ಹತ್ತರಲ್ಲಿ ಎಲ್ಲಿ ಬರುತ್ತೆ? ಜಾಸ್ತಿಯಾದ್ರೆ ಮೆಡಿಕಲ್ ಸ್ಟೋರಿನ ಡೈಕ್ಲೊಫಿನ್ಯಾಕ್, ಅದೂ ಖಾಲಿ ಹೊಟ್ಟೇಲಿ. ಅದಕ್ಕೆ ಚಟವಿಲ್ಲ ನಿಜ, ಆದ್ರೆ ವರ್ಷಗಟ್ಟಲೆ ನುಂಗಿದ್ರೆ ಜಠರ, ಕಿಡ್ನಿ ಎರಡಕ್ಕೂ ಕುತ್ತು.

ಇಂಥವರನ್ನು ‘ಗಟ್ಟಿ ಜೀವ’ ಅಂತ ಹೊಗಳ್ತೀವಿ. ಈ ಹೊಗಳಿಕೆ ಮೇಲೇ ನನಗೆ ಅನುಮಾನ. ತಡ್ಕೊಳ್ಳೋದು ಗುಣ ಅನ್ನಿಸಿಕೊಳ್ಳಬೇಕಾದ್ರೆ ತಡ್ಕೊಳ್ಳದೆ ಇರೋ ದಾರಿಯೂ ಇರಬೇಕು. ದಾರಿಯೇ ಇಲ್ಲದವರನ್ನು ಹೊಗಳೋದು ನಮ್ಮ ಖರ್ಚು ಉಳಿಸಿಕೊಳ್ಳೋ ಉಪಾಯ, ಅಷ್ಟೇ. ಸ್ಟ್ಯಾಂಡಪ್ ಮೀಟಿಂಗಿಗೆ ಮುಂಚೆ ತಲೆ ಸಿಡಿದ್ರೆ ನಾವು ಡೋಲೋ ನುಂಗ್ತೀವಿ. ಯಾರ ಅಪ್ಪಣೆಯೂ ಬೇಕಿಲ್ಲ.

ಊರಲ್ಲಿ ಪಕ್ಕದ ಮನೆ ಅಜ್ಜಿಗೆ ಕ್ಯಾನ್ಸರ್, ಕೊನೇ ಹಂತ. ‘ಮಾರ್ಫಿನ್ ಬಗ್ಗೆ ಡಾಕ್ಟರನ್ನ ಕೇಳಣ್ಣ’ ಅಂದೆ ಮಗನಿಗೆ. ‘ಚಟ ಅಂಟ್ಕಂಡ್ರೆ ಏನಪ್ಪ ಮಾಡದು?’ ಅಂದ. ವಾರಗಳ ಲೆಕ್ಕದಲ್ಲಿರೋ ಜೀವಕ್ಕೆ ಎಂಥಾ ಚಟ! ಆದ್ರೆ ಈ ಭಯ ಅವನೊಬ್ಬನದಲ್ಲ, ಕಾನೂನಿನದ್ದೂ ಹೌದು. 1985ರ ಎನ್‌ಡಿಪಿಎಸ್ ಕಾಯ್ದೆ ಬಂದ ಮೇಲೆ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳೋದಕ್ಕೇ ಹೆದರಿದವು. 2014ರ ತಿದ್ದುಪಡಿ ಲೈಸೆನ್ಸಿನ ಗಂಟು ಸಡಿಲ ಮಾಡಿತು. ಆಮೇಲೂ, 2017ರ ಲ್ಯಾನ್ಸೆಟ್ ಆಯೋಗದ ಲೆಕ್ಕದಂತೆ, ಭಾರತಕ್ಕೆ ಸಿಗ್ತಿದ್ದದ್ದು ಬೇಕಾದ್ದರಲ್ಲಿ ಶೇ 4 ಮಾತ್ರ. ಅಫೀಮನ್ನು ಕಾನೂನುಬದ್ಧವಾಗಿ ಬೆಳೆದು ಹೊರಗೆ ಮಾರುವ ದೇಶ ಇದು!

ಅಮೆರಿಕದಲ್ಲಿ ಹೇಳಿದವರ ನೋವನ್ನೆಲ್ಲ ನಂಬಿ, ಲಾಭಕ್ಕಾಗಿ ಮಾತ್ರೆ ಸುರಿದರು. ನಾವು ಯಾರನ್ನೂ ನಂಬದೆ ಕೂತೆವು. ಅವರ ತಪ್ಪಿಗೆ ಹುಟ್ಟಿದ ಮದ್ದು ನಮ್ಮ ತಪ್ಪನ್ನು ಸರಿಮಾಡಲ್ಲ. ಸುಜೆಟ್ರಿಜಿನ್‌ಗೆ ಒಪ್ಪಿಗೆ ಸಿಕ್ಕಿರೋದು ಆಪರೇಷನ್ ಆದಮೇಲಿನಂಥ ತಾತ್ಕಾಲಿಕ ನೋವಿಗೆ. ಅಜ್ಜಿಯ ನೋವಿಗೆ ಈಗಲೂ ಹಳೇ ಮಾರ್ಫಿನ್ನೇ ಗತಿ.

ಮಾರತ್ತಹಳ್ಳಿ ಕಡೆ ಟ್ರಾಫಿಕ್ಕಲ್ಲಿ ಕೂತು ಕೆಲಸಕ್ಕೆ ಹೋಗೋರಿಗೆ ‘ಕರುಣಾಶ್ರಯ’ದ ಬೋರ್ಡು ಕಂಡಿರಬಹುದು. ವಾಸಿಯಾಗದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತಗೊಳ್ಳದೆ ನೋಡ್ಕೊಳ್ತಾರೆ. ಆ ಅಣ್ಣನಿಗೆ ವಿಳಾಸ ಕಳಿಸಿದೀನಿ. ಅಷ್ಟು ದೂರ ಕರ್ಕೊಂಡು ಹೋಗೋದೋ ಬೇಡವೋ ಅಂತ ಮನೆಯವರೆಲ್ಲ ಮಾತಾಡ್ತಿದಾರಂತೆ. ಅಜ್ಜಿಯನ್ನು ಇನ್ನೂ ಯಾರೂ ಕೇಳಿಲ್ಲ.