ಒಲೆ ಒಂದು, ಕೈಗಳೆಷ್ಟು?

ಅಣ್ಣತಮ್ಮಂದಿರು ಬೇರೆಯಾದರೆ ನಮ್ಮ ಕಡೆಯ ಜನ ‘ಒಲೆ ಬೇರೆಯಾಯಿತು’ ಎನ್ನುತ್ತಾರೆ. ನೆರೆಯ ಮರಾಠಿ ಬಂಧುಗಳು ‘ಚೂಲ ವೇಗಳೀ ಝಾಲೀ’ ಎಂದು ಅದೇ ಮಾತನ್ನಾಡುತ್ತಾರೆ. ಭಾರತದ ಜನಗಣತಿಯೂ ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡಿದೆ. ಒಟ್ಟಿಗೆ ವಾಸಿಸುತ್ತ ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಅದರ ಲೆಕ್ಕದಲ್ಲಿ ಒಂದು ಕುಟುಂಬ. ರಕ್ತಸಂಬಂಧವಿರಲಿ ಬಿಡಲಿ, ಮನೆಯ ಗುರುತು ಒಲೆ. ಜನರ ಆಡುಮಾತೂ ಸರಕಾರದ ಲೆಕ್ಕವೂ ಹೀಗೆ ಒಂದೆಡೆ ಕೂಡುವುದು ಅಪರೂಪ.

ಆದರೆ ಒಂದೇ ಒಲೆಯ ಅನ್ನವನ್ನು ಉಂಡ ಮಾತ್ರಕ್ಕೆ ಬಾಂಧವ್ಯ ಗಟ್ಟಿಯಾದೀತೆ? ಒಬ್ಬಳು ಹೊಗೆಯಲ್ಲಿ ನಿಂತು ಬೇಯಿಸುತ್ತಿರುವಾಗ ಉಳಿದವರು ಎಲೆಯ ಮುಂದೆ ಕುಳಿತು ಹರಟುತ್ತಿದ್ದರೆ, ಅಲ್ಲಿ ಕೂಡಿದ್ದು ಯಾರು? ಹನ್ನೆರಡನೆಯ ಶತಮಾನದ ಶರಣರು ಕಾಯಕ ಮತ್ತು ದಾಸೋಹಗಳನ್ನು ಒಂದಕ್ಕೊಂದು ಹೊಸೆದರು. ದುಡಿಮೆಯಿಲ್ಲದೆ ಉಣ್ಣುವುದನ್ನು ಅವರು ಒಪ್ಪಲಿಲ್ಲ. ದುಡಿದುದನ್ನು ಹಂಚದಿರುವುದನ್ನೂ ಒಪ್ಪಲಿಲ್ಲ. ಮಠದ ಪಂಕ್ತಿಯಲ್ಲಿ ನಾವು ನೆನೆಯುವ ಈ ತತ್ವ ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಏಕೆ ನಿಂತುಬಿಡುತ್ತದೆ ಎಂಬುದೇ ನನ್ನ ಪ್ರಶ್ನೆ.

2019ರಲ್ಲಿ ನಮ್ಮ ದೇಶದಲ್ಲಿ ನಡೆದ ಸಮಯ ಬಳಕೆಯ ಸಮೀಕ್ಷೆ ಈ ಪ್ರಶ್ನೆಗೆ ಅಂಕಿಗಳಲ್ಲಿ ಉತ್ತರ ಕೊಡುತ್ತದೆ. ಆರು ವರ್ಷಕ್ಕೆ ಮೇಲ್ಪಟ್ಟ ಹೆಣ್ಣುಮಕ್ಕಳಲ್ಲಿ ಶೇಕಡಾ 81.2ರಷ್ಟು ಮಂದಿ ದಿನವೊಂದರಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡಿದರೆ, ಗಂಡಸರಲ್ಲಿ ಹಾಗೆ ಮಾಡಿದವರು ಶೇಕಡಾ 26.1. ಮಾಡಿದವರ ಪೈಕಿಯೂ ಹೆಂಗಸರು ಸರಾಸರಿ 299 ನಿಮಿಷ ದುಡಿದರು, ಗಂಡಸರು 97 ನಿಮಿಷ. ಮನೆಗಳಲ್ಲಿ ಒಲೆ ಒಂದೇ ಇದೆ. ಕೈಗಳು ಮಾತ್ರ ಕೂಡಿಲ್ಲ.

ಕೈಗಳು ಕೂಡಿದಾಗ ಏನಾಗುತ್ತದೆಂಬುದಕ್ಕೆ ನಮ್ಮ ಜೋಳದ ರೊಟ್ಟಿಯನ್ನೇ ನೋಡಬಹುದು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಅದಕ್ಕೆ ಕುದಿನೀರು ಬೆರೆಸಿ, ಬಿಸಿ ಆರುವ ಮುನ್ನ ನಾದಿ, ಅಂಚು ಸೀಳದಂತೆ ತಟ್ಟಬೇಕು. ಹಂಚಿನ ಮೇಲೆ ಹಾಕಿದೊಡನೆ ನೀರು ಸವರಿ, ಆ ನೀರು ಆರುತ್ತಲೇ ತಿರುವಬೇಕು. ಒಬ್ಬರು ತಟ್ಟಿ ಇನ್ನೊಬ್ಬರು ಬೇಯಿಸಿದರೆ ಕೆಲಸ ಹಗುರ. ಆಗ ಒಬ್ಬರ ಲಯಕ್ಕೆ ಇನ್ನೊಬ್ಬರು ಕಾಯಬೇಕಾಗುತ್ತದೆ. ಇಬ್ಬರ ಕಣ್ಣೂ ಹಂಚಿನ ಮೇಲಿರುವುದರಿಂದ, ಮುಖಕ್ಕೆ ಮುಖ ಕೊಟ್ಟು ಆಡಲಾಗದ ಮಾತುಗಳು ಸಲೀಸಾಗಿ ಹೊರಬರುತ್ತವೆ. ಶಾಲೆಯಲ್ಲಿ ಎದುರು ನಿಲ್ಲಿಸಿ ಕೇಳಿದಾಗ ಬಾಯಿಬಿಡದ ಮಕ್ಕಳು, ಜೊತೆಗೂಡಿ ಗಿಡಗಳಿಗೆ ನೀರುಣಿಸುವಾಗ ತಾವಾಗಿ ಮನೆಯ ಕಷ್ಟ ಹೇಳಿಕೊಂಡದ್ದನ್ನು ನಾನು ಅನೇಕ ಸಲ ಕಂಡಿದ್ದೇನೆ. ಒಟ್ಟಿಗೆ ಮಾಡುವ ಕೆಲಸಕ್ಕೆ ಆ ಶಕ್ತಿಯಿದೆ.

ಗಡಿನಾಡಿನ ನಮಗೆ ಇನ್ನೊಂದು ಕಾರಣವೂ ಉಂಟು. 1956ರ ನವೆಂಬರ್ 1ರಂದು ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು. ಕೊಲ್ಹಾಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲುಳಿದು 1960ರ ಮೇ 1ರಂದು ಮಹಾರಾಷ್ಟ್ರಕ್ಕೆ ಬಂದಿತು. ಆದರೂ ಬೀಗತನ ನಿಲ್ಲಲಿಲ್ಲ. ಸಂಕೇಶ್ವರದ ಮಗಳು ಹಲಕರ್ಣಿಗೆ ಸೊಸೆಯಾಗಿ ಬರುತ್ತಾಳೆ. ಮರಾಠಿ ಮನೆಯ ಹುಡುಗಿ ಕನ್ನಡ ಮನೆ ತುಂಬುತ್ತಾಳೆ. ಹೋಳಿಗೆಯ ದಿನ ಕಡಲೆಬೇಳೆ ಬೇಯಿಸಿ ಬಸಿದ ನೀರಿನಿಂದ ಮಾಡುವ ಸಾರಿಗೆ ಅತ್ತೆ ‘ಕಟ್ಟಿನ ಸಾರು’ ಎಂದರೆ, ಸೊಸೆ ‘ಕಟಾಚಿ ಆಮಟಿ’ ಎನ್ನುತ್ತಾಳೆ. ಅತ್ತೆಯ ಹೂರಣ ಸೊಸೆಯ ಪುರಣ. ಒಂದೇ ಪಾತ್ರೆಯ ಮೇಲೆ ಬಾಗಿದ ಇಬ್ಬರಿಗೂ ತಾವು ಆಡುತ್ತಿರುವುದು ಹೆಚ್ಚುಕಡಿಮೆ ಒಂದೇ ಮಾತೆಂದು ಅಲ್ಲಿ ತಿಳಿಯುತ್ತದೆ.

ನಮ್ಮ ಮೊಮ್ಮಕ್ಕಳು ಮರಾಠಿ ಇಲ್ಲವೆ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದಾರೆ. ಅನೇಕರಿಗೆ ಕನ್ನಡದ ಅಕ್ಷರ ಬಾರದು. ಅವರ ಪಾಲಿಗೆ ಉಳಿದಿರುವ ಕನ್ನಡ ಶಾಲೆ ಅಜ್ಜಿಯ ಅಡುಗೆಮನೆ. ನಾದು, ತಟ್ಟು, ಬಸಿ, ಹುರಿ, ಒಗ್ಗರಣೆ ಎಂಬ ಮಾತುಗಳನ್ನು ಅಲ್ಲಿ ಪುಸ್ತಕವಿಲ್ಲದೆ ಕಲಿಯಬಹುದು. ‘ಹದ’ ಎಂಬ ಪದದ ಅರ್ಥವನ್ನು ಯಾವ ನಿಘಂಟಿನಿಂದ ತಿಳಿಸೋಣ? ಕೈ ಹಿಟ್ಟಿಗಿಳಿಯಬೇಕು. ಗಂಡುಮಕ್ಕಳನ್ನು ಒಲೆಯಿಂದ ದೂರವಿಟ್ಟಾಗ ಕೆಲಸದೊಂದಿಗೆ ಈ ಭಾಷೆಯನ್ನೂ ಅವರಿಂದ ದೂರವಿಟ್ಟಂತಾಗುತ್ತದೆ.

ಒಂದೇ ಅಡುಗೆಮನೆಯಲ್ಲಿ ಇಬ್ಬರು ಸೇರಿದರೆ ಜಗಳವೇ ಎಂದು ಆಕ್ಷೇಪಿಸುವವರುಂಟು. ನಿಜ. ಒಬ್ಬರು ಅಪ್ಪಣೆ ಕೊಟ್ಟು ಇನ್ನೊಬ್ಬರು ದುಡಿದರೆ ಅದನ್ನು ಕೂಡಿ ಮಾಡಿದ ಅಡುಗೆ ಎನ್ನಲಾಗದು. ಹಬ್ಬಕ್ಕೊಮ್ಮೆ ಸೌಟು ಹಿಡಿದು ಹೊಗಳಿಸಿಕೊಂಡು, ಮುಸುರೆಯನ್ನು ಹೆಂಗಸರಿಗೆ ಬಿಟ್ಟು ಹೋಗುವುದೂ ಹಾಗೆಯೇ. ಈರುಳ್ಳಿಯ ಕಣ್ಣೀರು, ಪಾತ್ರೆಯ ಮಸಿ ಇವೂ ಹಂಚಿಕೆಯಾಗಬೇಕು. ಹೊಸಬರು ತಟ್ಟಿದ ಸೊಟ್ಟ ರೊಟ್ಟಿಯನ್ನು ನಗೆಯಾಡದೆ ತಿನ್ನುವ ದೊಡ್ಡತನ ಹಿರಿಯರಿಗೆ ಬೇಕು. ಇಚಲಕರಂಜಿಯ ಮಗ್ಗಗಳಲ್ಲಿ ಪಾಳಿ ಮುಗಿಸಿ ಗಂಡಹೆಂಡಿರಿಬ್ಬರೂ ದಣಿದು ಬರುವ ಮನೆಗಳಿವೆ. ಅಲ್ಲಿ ಜೊತೆಯಾಗಿ ಅಡುಗೆ ಮಾಡುವುದೆಂದರೆ ನ್ಯಾಯ. ಪ್ರೀತಿ ಆ ನ್ಯಾಯದ ಬೆನ್ನಹಿಂದೆ ಬರುತ್ತದೆ.

ಸಂಘದ ಬಂಧುಗಳಲ್ಲಿ ಒಂದು ವಿನಂತಿ. ನಮ್ಮ ಸಮ್ಮೇಳನಗಳಲ್ಲಿ ವೇದಿಕೆಯ ಮೇಲೆ ಸಾಹಿತ್ಯದ ಮಾತು ನಡೆಯುವಾಗ ತಾಯಂದಿರು ಅನೇಕರು ಪೆಂಡಾಲಿನ ಹಿಂದೆ ರೊಟ್ಟಿ ತಟ್ಟುತ್ತಿರುತ್ತಾರೆ. ಅವರ ಕಿವಿಗೆ ಕವಿಗೋಷ್ಠಿಯ ಚಪ್ಪಾಳೆ ಮಾತ್ರ ಕೇಳುತ್ತದೆ. ಮುಂದಿನ ವರ್ಷ ಗೋಷ್ಠಿಗೊಂದರಂತೆ ಪಾಳಿ ಹಾಕಿಕೊಳ್ಳೋಣ. ಭಾಷಣಕಾರರೂ ಪದಾಧಿಕಾರಿಗಳೂ ಒಂದೊಂದು ಪಾಳಿ ಒಲೆಯ ಬಳಿ ನಿಲ್ಲಲಿ, ಆ ತಾಯಂದಿರು ಮುಂದಿನ ಸಾಲಿನಲ್ಲಿ ಕುಳಿತು ಕವಿತೆ ಕೇಳಲಿ. ರೊಟ್ಟಿ ತುಸು ದಪ್ಪವಾದೀತು. ಉಣ್ಣಲು ಅಡ್ಡಿಯಿಲ್ಲ.