ದಿಗ್ವ್ರತವೂ ಪ್ರಯಾಣದ ಪೆಟ್ಟಿಗೆಯೂ

ಗೃಹಸ್ಥನು ದೂರ ಪ್ರಯಾಣಕ್ಕೆಂದು ಪೆಟ್ಟಿಗೆಯನ್ನು ತೆರೆದಿಟ್ಟು ಕುಳಿತಾಗ ಅವನ ವ್ರತಗಳೆಲ್ಲವೂ ಒಮ್ಮೆ ಎದುರಿಗೆ ಬಂದು ನಿಲ್ಲುತ್ತವೆ. ಮನೆಯಲ್ಲಿರುವಾಗ ನೀರು ಸೋಸುವ ಬಟ್ಟೆ ಬಿಂದಿಗೆಯ ಬಾಯಿಗೆ ತಾನಾಗಿಯೇ ಏರುತ್ತದೆ. ಸೂರ್ಯಾಸ್ತಕ್ಕೆ ಮೊದಲೇ ಒಲೆ ಆರುತ್ತದೆ. ಚತುರ್ದಶಿ ಬಂದಿತೆಂಬುದನ್ನು ನೆರೆಮನೆಯವರೇ ನೆನಪಿಸುತ್ತಾರೆ. ವ್ರತದ ಅರ್ಧಭಾಗವನ್ನು ಮನೆಯೂ ಊರೂ ಸೇರಿ ಪಾಲಿಸಿಕೊಡುತ್ತವೆಯೆಂದರೂ ತಪ್ಪಿಲ್ಲ. ಹೊಸ್ತಿಲು ದಾಟುವವನಿಗೆ ಆ ಆಸರೆ ಇಲ್ಲ. ಶ್ರಾವಕರ ಮಕ್ಕಳು ರಜೆಯ ದಿನಗಳಲ್ಲಿ ಬಿಸಿಲೂ ಮರಳೂ ಇರುವ ಪರದೇಶದ ಕಡಲತೀರಗಳಿಗೆ ತಂದೆತಾಯಿಗಳನ್ನು ಕರೆದೊಯ್ಯುವುದು ಇತ್ತೀಚೆಗೆ ಸಾಮಾನ್ಯವಾಗಿರುವುದರಿಂದ, ಆ ಪೆಟ್ಟಿಗೆಯ ವಿಚಾರವನ್ನು ಶಾಸ್ತ್ರದ ಬೆಳಕಿನಲ್ಲಿ ನೋಡುವುದು ಉಚಿತವಾಗಿದೆ.

ಮಧುಗಿರಿಯ ಒಂದು ಮನೆಯನ್ನು ದೃಷ್ಟಾಂತವಾಗಿ ಇಟ್ಟುಕೊಳ್ಳಬಹುದು. ಏಕಶಿಲೆಯ ಬೆಟ್ಟದ ಬುಡದಲ್ಲಿರುವ ಆ ಊರು ಅಪ್ಪಟ ಬಯಲುಸೀಮೆ, ಕಡಲೆಕಾಯಿಯ ನೆಲ, ಜಯಮಂಗಲಿಯಲ್ಲಿ ನೀರು ಕಾಣುವುದೇ ಅಪರೂಪ. (ಊರಿನ ಹೆಸರಿನಲ್ಲಿಯೇ ಮಧುವಿದ್ದರೂ ಅಲ್ಲಿನ ಶ್ರಾವಕರು ಮದ್ಯ ಮಾಂಸಗಳೊಡನೆ ಮಧುವನ್ನೂ ತ್ಯಜಿಸಿದವರೆಂಬುದನ್ನು ಹೊರಗಿನವರು ನಗುತ್ತ ಹೇಳುವುದುಂಟು.) ಕಡಲೆಕಾಯಿ ವ್ಯಾಪಾರದಿಂದ ನಿವೃತ್ತರಾದ ಆ ಮನೆಯ ಯಜಮಾನರ ಮಗ ಬೆಂಗಳೂರಿನಲ್ಲಿ ಉದ್ಯೋಗಸ್ಥ. ಜನವರಿಯ ರಜೆಯಲ್ಲಿ ಐದು ದಿನ ಥೈಲ್ಯಾಂಡಿನ ಫುಕೆಟ್ ದ್ವೀಪದಲ್ಲಿ ಕಳೆಯಲು ಹೆಂಡತಿ, ಮಗಳು, ತಂದೆ, ತಾಯಿ ಎಲ್ಲರಿಗೂ ಸೇರಿಸಿ ಟಿಕೆಟ್ ಕೊಂಡು, ಆನಂತರ ಊರಿಗೆ ಬಂದು ತಿಳಿಸಿದ. ಆಶ್ಚರ್ಯಪಡಿಸಬೇಕೆಂಬುದು ಅವನ ಪ್ರೀತಿ. ತಾಯಿ ಮಾತ್ರ ಟಿಕೆಟನ್ನು ನೋಡಿ ಸುಮ್ಮನಾದರು.

1993ರಲ್ಲಿ ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನಿಗೆ ಮಹಾಮಸ್ತಕಾಭಿಷೇಕ ನಡೆದಾಗ ಆ ಶ್ರಾವಿಕೆ ಅಲ್ಲಿದ್ದ ಮುನಿಸಂಘದ ಸಮಕ್ಷಮದಲ್ಲಿ ದಿಗ್ವ್ರತವನ್ನು ಸ್ವೀಕರಿಸಿದ್ದರು. ಉತ್ತರಕ್ಕೆ ಹಿಮಾಲಯ, ಉಳಿದ ಮೂರು ದಿಕ್ಕಿಗೆ ಸಮುದ್ರ, ಇದು ಯಾವಜ್ಜೀವ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ದಿಕ್ಕುಗಳ ಎಲ್ಲೆಗೆ ಸಮುದ್ರ, ನದಿ, ಅರಣ್ಯ, ಪರ್ವತ, ದೇಶ, ಯೋಜನ ಇವುಗಳನ್ನು ಹೇಳುವಾಗ ಮೊದಲು ಹೆಸರಿಸಿರುವುದು ಸಮುದ್ರವನ್ನೇ. ಪ್ರಸಿದ್ಧವಾದ, ಮರೆಯಲಾಗದ ಗುರುತಾಗಬೇಕೆಂಬುದು ಅಭಿಪ್ರಾಯ. ಸಮುದ್ರಯಾನವು ಜೈನರಿಗೆ ನಿಷಿದ್ಧವೆಂದು ಇದರಿಂದ ಯಾರೂ ಭಾವಿಸಬೇಕಾಗಿಲ್ಲ. ಹರಿವಂಶಪುರಾಣದ ಚಾರುದತ್ತ ಶ್ರೇಷ್ಠಿಯು ದ್ವೀಪಾಂತರಕ್ಕೆ ಹೋದವನೇ. ಕಡಲು ಮೈಲಿಗೆಯಲ್ಲ. ಒಬ್ಬ ಜೀವನು ತನಗೆ ತಾನೇ ಎಳೆದುಕೊಂಡ ಗೆರೆ ಅದು, ಅಷ್ಟೇ. ಆ ಗೆರೆಯಾಚೆಗೆ ಸೂಕ್ಷ್ಮ ಪಾಪಗಳಿಂದಲೂ ನಿವೃತ್ತಿಯಾಗುವುದರಿಂದ ಅಣುವ್ರತಿಯ ವ್ರತಗಳೇ ಅಲ್ಲಿ ಮಹಾವ್ರತಗಳ ಪರಿಣತಿಯನ್ನು ಹೊಂದುತ್ತವೆಂದು ಆಚಾರ್ಯರು ಹೇಳಿದ್ದಾರೆ.

ಮನೆಯವರು ವಾದಿಸಿದರು. ವಿಮಾನವು ಸಮುದ್ರವನ್ನು ಮುಟ್ಟುವುದೇ ಇಲ್ಲವಲ್ಲ ಎಂದನು ಮಗ. ದಿಗ್ವ್ರತದ ಅತಿಚಾರಗಳಲ್ಲಿ ಮೇಲ್ಮುಖವಾಗಿ ಮೀರುವುದೂ ಅಡ್ಡಲಾಗಿ ಮೀರುವುದೂ ಬೇರೆಬೇರೆಯಾಗಿಯೇ ಎಣಿಕೆಯಾಗಿವೆ. ವಿಮಾನವು ಎರಡನ್ನೂ ಏಕಕಾಲದಲ್ಲಿ ಸಾಧಿಸುತ್ತದೆ. ಯಜಮಾನರ ವಾದ ಇದಕ್ಕಿಂತ ಜಾಣತನದ್ದು. ಉತ್ತರದಲ್ಲಿ ಹಿಮಾಲಯದವರೆಗೆ ಎಲ್ಲೆಯಿದ್ದರೂ ಆಕೆ ಶಿಖರ್ಜಿಯಿಂದ ಮುಂದೆ ಹೋದವರಲ್ಲ. ಅಲ್ಲಿ ಉಳಿದ ಯೋಜನಗಳನ್ನು ಪೂರ್ವಕ್ಕೆ ಸೇರಿಸಿಕೊಂಡರೆ ಲೆಕ್ಕ ಸರಿಹೋಗುತ್ತದೆಯಲ್ಲವೆ? ವ್ಯಾಪಾರಿಗೆ ಸಹಜವಾದ ಲೆಕ್ಕ. ಆದರೆ ಒಂದು ದಿಕ್ಕಿನ ಉಳಿತಾಯವನ್ನು ಇನ್ನೊಂದು ದಿಕ್ಕಿಗೆ ಜಮಾ ಮಾಡುವ ಈ ಲೋಭಕ್ಕೇ ಕ್ಷೇತ್ರವೃದ್ಧಿಯೆಂದು ಹೆಸರು. ಕೊನೆಗೆ, ಮೂವತ್ತು ವರ್ಷದ ಹಿಂದಿನ ಮಾತು ಯಾರಿಗೆ ನೆನಪಿರುತ್ತದೆ ಎಂದಳು ಸೊಸೆ. ಅದಕ್ಕೂ ತತ್ತ್ವಾರ್ಥಸೂತ್ರದಲ್ಲಿ ಹೆಸರುಂಟು: ಸ್ಮೃತ್ಯಂತರಾಧಾನ. ಒಂದು ಮನೆಯ ಪಡಸಾಲೆಯಲ್ಲಿ ಒಂದೇ ಸಂಜೆ ಸೂತ್ರಕಾರರ ಪಟ್ಟಿ ಬಹುಮಟ್ಟಿಗೆ ಮುಗಿದುಹೋಯಿತು.

ಅವರಿಗೆ ಉತ್ತರ ಹೇಳುವುದು ಆ ಶ್ರಾವಿಕೆಗೆ ಕಷ್ಟವಾಗಲಿಲ್ಲ. ಕಷ್ಟವಾದುದು ಮೊಮ್ಮಗಳ ಮಾತು. ಅಜ್ಜಿಯ ಕೈಹಿಡಿದು ಅಲೆಯಲ್ಲಿ ನಿಲ್ಲುವುದಾಗಿ ಆ ಮಗು ಶಾಲೆಯಲ್ಲೆಲ್ಲ ಹೇಳಿಬಂದಿತ್ತು. ಕಾರ್ಕಳ, ಮೂಡುಬಿದರೆಗಳ ಯಾತ್ರೆಯಲ್ಲಿ ಬಸ್ಸಿನ ಕಿಟಕಿಯಿಂದ ಒಮ್ಮೆ ಕಂಡದ್ದೇ ಆಕೆ ಕಂಡ ಕಡಲು. ನೋಡುವ ಆಸೆ ಆಕೆಗೆ ಇತ್ತು. ಅದನ್ನು ಮುಚ್ಚಿಡಲೂ ಇಲ್ಲ. ಆ ರಾತ್ರಿ ನಿದ್ರೆ ಬರಲಿಲ್ಲ.

ಇಲ್ಲಿ ಸಮಂತಭದ್ರಾಚಾರ್ಯರ ಒಂದು ಲಕ್ಷಣವನ್ನು ಶ್ರಾವಕರು ಗಮನಿಸಬೇಕು. ಯೋಗ್ಯವಾದ ವಿಷಯದಿಂದ ಸಂಕಲ್ಪಪೂರ್ವಕವಾಗಿ ವಿರತನಾಗುವುದೇ ವ್ರತ. ಮೂವತ್ತು ವರ್ಷ ಆಕೆ ಸಮುದ್ರವನ್ನು ದಾಟಲಿಲ್ಲ ನಿಜ. ಆದರೆ ದಾಟೆಂದು ಆಕೆಯನ್ನು ಕರೆದವರೂ ಇರಲಿಲ್ಲ. ಬಡವನು ಬಂಗಾರವನ್ನು ಧರಿಸದಿರುವಂತೆ ಆ ವ್ರತವು ಯಾವ ಶ್ರಮವೂ ಇಲ್ಲದೆ ನಿಂತಿತ್ತು. ಟಿಕೆಟ್ಟು ಕೈಗೆ ಬಂದು, ಮಗು ಸೆರಗು ಹಿಡಿದಾಗಲೇ ಅದಕ್ಕೆ ಮೊದಲ ಬಾರಿ ಭಾರ ಬಿದ್ದದ್ದು. ಮರುದಿನ ಬೆಳಗ್ಗೆ ಮಲ್ಲಿನಾಥ ಬಸದಿಗೆ ಹೋಗಿಬಂದು, ತಾನು ಬರುವುದಿಲ್ಲ, ಆದರೆ ಎಲ್ಲರ ಪೆಟ್ಟಿಗೆಗಳನ್ನು ತಾನೇ ಕಟ್ಟಿಕೊಡುವುದಾಗಿ ಹೇಳಿದರು. ಟಿಕೆಟ್ಟಿನ ಹಣ ಪೂರ್ಣವಾಗಿ ಹಿಂದಿರುಗಲಿಲ್ಲ; ಮಗ ಎರಡು ದಿನ ಮುನಿದುಕೊಂಡ.

ವಿಮಾನದವರು ವಿಧಿಸುವ ತೂಕವನ್ನು ಎಲ್ಲರೂ ಎಷ್ಟು ವಿನಯದಿಂದ ಒಪ್ಪಿಕೊಳ್ಳುತ್ತಾರೆಂಬುದು ವಿಚಾರಾರ್ಹ. ಒಂದು ಕಿಲೋ ಹೆಚ್ಚಾದರೆ ನಿಲ್ದಾಣದಲ್ಲಿಯೇ ಪೆಟ್ಟಿಗೆ ಬಿಚ್ಚಿ ಎಸೆಯುತ್ತಾರೆ. ಕೈಚೀಲದಲ್ಲಿ ದ್ರವಪದಾರ್ಥದ ಸೀಸೆ ನೂರು ಮಿಲಿಲೀಟರನ್ನು ಮೀರಬಾರದೆಂದರೆ ತುಪ್ಪವನ್ನೂ ಬಿಟ್ಟುಬಿಡುತ್ತಾರೆ. ಭೋಗೋಪಭೋಗ ಪರಿಮಾಣವೆಂದರೆ ಮಾತ್ರ ಅದು ಮುನಿಗಳಿಗೆ ಸೇರಿದ್ದೆಂಬ ಭಾವನೆ. ಒಮ್ಮೆ ಅನುಭವಿಸಿ ಬಿಡುವಂಥದು ಭೋಗ, ಅನ್ನದಂತೆ. ಮತ್ತೆ ಮತ್ತೆ ಅನುಭವಿಸುವಂಥದು ಉಪಭೋಗ, ವಸ್ತ್ರದಂತೆ. ಇಂದಿಗೆ, ರಾತ್ರಿಗೆ, ಪಕ್ಷಕ್ಕೆ, ತಿಂಗಳಿಗೆ ಎಂದು ಕಾಲವನ್ನು ಗೊತ್ತುಪಡಿಸಿ ಆಹಾರ, ವಾಹನ, ಹಾಸಿಗೆ, ಸ್ನಾನ, ಲೇಪನ, ಉಡುಪು, ಸಂಗೀತ ಮುಂತಾದವಕ್ಕೆ ಮಿತಿ ಹಾಕಿಕೊಳ್ಳುವುದು ನಿಯಮ. ಐದು ದಿನದ ಪ್ರವಾಸಕ್ಕೆ ಇದಕ್ಕಿಂತ ಹೇಳಿಮಾಡಿಸಿದ ವ್ರತ ಬೇರೊಂದಿಲ್ಲ. ಅಜ್ಜಿ ಮೊಮ್ಮಗಳನ್ನು ಮುಂದೆ ಕೂರಿಸಿಕೊಂಡು ಅವಳಿಂದಲೇ ಎಣಿಸಿದರು. ಹನ್ನೊಂದು ಜೊತೆ ಉಡುಪು ಆರಾಯಿತು. ಚರ್ಮದ ಪಾದರಕ್ಷೆ ಹೊರಗುಳಿಯಿತು.

ಬಿಸಿಲಿಗೆ ಹಚ್ಚುವ ಮುಲಾಮಿನ ಮೇಲೆ ಬಹಳ ಹೊತ್ತು ಹೋಯಿತು. ಅಂಥ ಲೇಪನಗಳಲ್ಲಿ ಕೆಲವಕ್ಕೆ ಜೇನುಮೇಣವನ್ನೂ ಕುರಿಯ ಉಣ್ಣೆಯ ಜಿಡ್ಡನ್ನೂ ಸೇರಿಸುತ್ತಾರೆ. ಅಷ್ಟೇ ಅಲ್ಲದೆ, ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಮೊದಲಾದ ನಾಲ್ಕು ರಾಸಾಯನಿಕಗಳು ನೀರಿನಲ್ಲಿ ಕರಗಿ ಹವಳದ ಜೀವಿಗಳಿಗೆ ಹಾನಿ ಮಾಡುತ್ತವೆಂಬ ಕಾರಣಕ್ಕೆ ಥೈಲ್ಯಾಂಡ್ ಸರ್ಕಾರವು 2021ರಲ್ಲಿ ತನ್ನ ಕಡಲತೀರದ ರಾಷ್ಟ್ರೀಯ ಉದ್ಯಾನಗಳಲ್ಲಿ ಅವುಗಳಿರುವ ಮುಲಾಮುಗಳನ್ನು ನಿಷೇಧಿಸಿತು. ಅಹಿಂಸೆಯನ್ನು ಕುಲಧರ್ಮವಾಗಿ ಉಳ್ಳವರು ಅದನ್ನು ಪರದೇಶದ ಕಾನೂನಿನಿಂದ ಕಲಿಯಬೇಕಾದುದು ತುಸು ನಾಚಿಕೆಯ ಸಂಗತಿಯೇ. ಸೊಸೆ ಸೀಸೆಯ ಮೇಲಿನ ಸಣ್ಣಕ್ಷರಗಳನ್ನು ಓದಿ ಹೇಳಿದಳು. ಎರಡು ಸೀಸೆಗಳು ಹೊರಗೆ ಬಂದವು, ಸತುವಿನ ಭಸ್ಮದಿಂದ ಮಾಡಿದ ಒಂದು ಒಳಗೆ ಹೋಯಿತು. ಅಗಲವಾದ ಹತ್ತಿಯ ಟೋಪಿ, ತೋಳು ಮುಚ್ಚುವ ಅಂಗಿ ಇವು ನಿರ್ದೋಷ.

ಆಹಾರದಲ್ಲಿ ಹಿಟ್ಟಿನ ಮರ್ಯಾದೆ ಚಳಿಗಾಲದಲ್ಲಿ ಏಳು ದಿನ, ಬೇಸಿಗೆಯಲ್ಲಿ ಐದು, ಮಳೆಗಾಲದಲ್ಲಿ ಮೂರು. ಮಧುಗಿರಿಯಲ್ಲಿ ಅದು ಚಳಿಗಾಲ. ಆದರೆ ಹೋಗುವ ನಾಡಿನಲ್ಲಿ ಆಗಲೂ ಸೆಖೆ. ಯಾವ ಲೆಕ್ಕವನ್ನು ಹಿಡಿಯಬೇಕು? ಹಿಟ್ಟು ಎಲ್ಲಿರುವುದೋ ಅಲ್ಲಿನ ಋತುವೇ ಪ್ರಮಾಣವೆಂದು ಆಕೆ ಐದು ದಿನವನ್ನೇ ಹಿಡಿದು, ಹೊರಡುವ ದಿನ ಬೆಳಗ್ಗೆ ಹುರಿಹಿಟ್ಟು ಮಾಡಿದರು. ಸಂಜೆಯ ಊಟಕ್ಕಾಗಿ ಇದು ಬೇಕಿತ್ತು. ಏಕೆಂದರೆ ಅಲ್ಲಿ ಜನವರಿಯ ಮೊದಲ ವಾರಗಳಲ್ಲಿ ಸೂರ್ಯನು ಆರೂಕಾಲು ಆರೂವರೆಗಳ ನಡುವೆ ಮುಳುಗುತ್ತಾನೆ. ಎರಡು ಘಳಿಗೆ ಮೊದಲೇ ಆಹಾರ ಮುಗಿಯಬೇಕೆಂದರೆ ಐದೂವರೆ. ಹೋಟೆಲುಗಳ ರಾತ್ರಿಯೂಟದ ಹೊತ್ತು ಅದಲ್ಲ. ಅಲ್ಲಿನ ಗಡಿಯಾರವು ಭಾರತದ್ದಕ್ಕಿಂತ ಒಂದೂವರೆ ಗಂಟೆ ಮುಂದಿರುವುದನ್ನೂ ಯಜಮಾನರಿಗೆ ಒತ್ತಿ ಹೇಳಿದರು. ಕೊನೆಗೆ ಎರಡು ಪದರಾಗಿ ಮಡಿಸಿದ ಹೊಸ ಗಾಳನದ ಬಟ್ಟೆಯನ್ನು ಮೊಮ್ಮಗಳ ಪೆಟ್ಟಿಗೆಯ ತಳದಲ್ಲಿಟ್ಟರು. ಸೋಸಿದ ನೀರಿಗೆ ಎರಡು ಘಳಿಗೆ, ಅಂದರೆ ನಲವತ್ತೆಂಟು ನಿಮಿಷವೇ ಅವಧಿ ಎಂಬುದು ಮಗುವಿಗೆ ಆಟದಂತೆ ತೋರಿತು.

ಅವರು ದೇವನಹಳ್ಳಿಯ ನಿಲ್ದಾಣದತ್ತ ಹೊರಟ ಮೇಲೆ ಆ ಶ್ರಾವಿಕೆ ಐದು ದಿನಗಳಿಗೆ ದೇಶವ್ರತವನ್ನು ಕೈಗೊಂಡರು: ಮನೆ, ಬಸದಿ, ನಡುವಣ ಬೀದಿ. ಎಲ್ಲೆಯಾಚೆಯಿಂದ ವಸ್ತುವನ್ನು ತರಿಸುವುದು, ಆಳನ್ನು ಕಳಿಸುವುದು, ಶಬ್ದದಿಂದ ಕರೆಯುವುದು, ರೂಪ ತೋರುವುದು, ಕಲ್ಲು ಮುಂತಾದುದನ್ನು ಎಸೆದು ಸನ್ನೆ ಮಾಡುವುದು ಇವು ಐದು ಅದರ ಅತಿಚಾರಗಳು. ಶಬ್ದವನ್ನೂ ರೂಪವನ್ನೂ ಒಟ್ಟಿಗೆ ಕಳಿಸುವ ಯಂತ್ರವೊಂದು ಎಲ್ಲರ ಕೈಯಲ್ಲಿರುವ ಕಾಲ ಬರುವುದೆಂದು ಆಚಾರ್ಯರು ತಿಳಿದೇ ಬರೆದರೋ ಎನ್ನಿಸುತ್ತದೆ. ಎರಡನೆಯ ದಿನ ಮಗು ಫೋನಿನಲ್ಲಿ ಕಡಲನ್ನು ತೋರಿಸಿತು. ತಾನಾಗಿ ಕರೆಯದಿರುವುದರಿಂದ ದೋಷವಿಲ್ಲವೆಂದುಕೊಂಡು ಆಕೆ ನೋಡಿದರು. ಸ್ವಲ್ಪ ಹೆಚ್ಚು ಹೊತ್ತೇ ನೋಡಿದರು. ಅಜ್ಜಿಗಾಗಿ ಶಂಖವೊಂದನ್ನು ತರುವೆನೆಂದಾಗ ಮಾತ್ರ ಬೇಡವೆಂದರು. ಶಂಖ, ಸಿಂಪಿಗಳು ದ್ವೀಂದ್ರಿಯ ಜೀವಗಳ ಮನೆ. ಬರಿದಾಗಿ ಕಂಡ ಚಿಪ್ಪಿನಲ್ಲಿಯೂ ಏಡಿಯೊಂದು ಬಿಡಾರ ಮಾಡಿರಬಹುದು. ಇದ್ದಲ್ಲಿಯೇ ಇಡು ಎಂದರು.

ಆರನೆಯ ದಿನ ಪೆಟ್ಟಿಗೆಗಳು ಹಿಂದಿರುಗಿ ಬಂದವು. ಬಿಚ್ಚಿದವರೂ ಆಕೆಯೇ. ಹುರಿಹಿಟ್ಟಿನಲ್ಲಿ ಅರ್ಧ ಉಳಿದಿತ್ತು, ಅವಧಿ ಮೀರಿತ್ತು. ಯಜಮಾನರು ತಾವಾಗಿಯೇ ಒಪ್ಪಿಕೊಂಡರು: ಮೊದಲ ಸಂಜೆ ಕೈಗಡಿಯಾರವನ್ನು ತಿದ್ದಲು ಮರೆತು, ಐದು ಗಂಟೆಯೂ ಆಗಿಲ್ಲವೆಂದು ನಿಧಾನವಾಗಿ ಉಣ್ಣುತ್ತಿರುವಾಗ ಸೂರ್ಯನು ನೀರಿಗಿಳಿದುದು ಕಂಡಿತಂತೆ; ತಟ್ಟೆಯನ್ನು ಅರ್ಧಕ್ಕೆ ಬಿಟ್ಟೆದ್ದರಂತೆ. ಅದಕ್ಕೆ ಬರುವ ಚತುರ್ದಶಿಯಂದು ಉಪವಾಸವೆಂದು ನಿಶ್ಚಯವಾಯಿತು. ಮೊಮ್ಮಗಳ ಪೆಟ್ಟಿಗೆಯ ಮೂಲೆಗಳಲ್ಲಿ ಮರಳಿತ್ತು, ಚಿಪ್ಪುಗಳಿರಲಿಲ್ಲ. ತಳದಲ್ಲಿ ಗಾಳನದ ಬಟ್ಟೆ ಇನ್ನೂ ಒದ್ದೆಯಾಗಿಯೇ ಇತ್ತು. ಆಕೆ ಅದನ್ನು ಕೊಡವಿ ಹಿತ್ತಲ ಹಗ್ಗದ ಮೇಲೆ ಹರವಿದರು.