ತಾ ಮಾಡುವುದು ಉತ್ತಮ

ಮನುಷ್ಯನ ದುಡಿಮೆಯನ್ನು ಹಗುರಗೊಳಿಸಿದ ಸಾಧನಗಳಲ್ಲಿ ಗಣಕಯಂತ್ರಕ್ಕೆ ದೊಡ್ಡ ಸ್ಥಾನವಿದೆಯೆಂಬುದರಲ್ಲಿ ಸಂದೇಹವಿಲ್ಲ. ಒರಳು ಮೂಲೆ ಸೇರಿ ಮಿಕ್ಸರ್ ಬಂದಾಗ ತೋಳಿಗೆ ಬಿಡುವು ಸಿಕ್ಕಿತು. ಗಣಕಯಂತ್ರ ಬಂದಾಗ ಕಾಲಿಗೂ ಲೆಕ್ಕಕ್ಕೂ ನೆನಪಿಗೂ ಒಟ್ಟಿಗೇ ಬಿಡುವು ಸಿಕ್ಕಿತು. ಇಂದು ವಿದ್ಯುತ್ತಿನ ಬಿಲ್ಲು ಕಟ್ಟಲು ಸಾಲು ನಿಲ್ಲಬೇಕಾಗಿಲ್ಲ. ಊರಿನಲ್ಲಿರುವ ತಾಯಿಗೆ ಹಣ ಕಳುಹಿಸಲು ಮನಿಯಾರ್ಡರ್ ಫಾರಂ ತುಂಬಿ ಅಂಚೆಯವನ ದಾರಿ ಕಾಯಬೇಕಾಗಿಲ್ಲ. ಅಂಗೈಯಲ್ಲಿರುವ ಫೋನೇ ಬ್ಯಾಂಕು, ಅದೇ ಅಂಚೆ ಕಚೇರಿ, ಅದೇ ಟಿಕೆಟ್ ಕಿಟಕಿ. ಬದುಕು ಸುಲಭವಾಯಿತೇ ಎಂದು ಕೇಳಿದರೆ ಹೌದೆಂದೇ ಹೇಳಬೇಕು. ಆದರೆ ಯಾರಿಗೆ ಸುಲಭವಾಯಿತು, ಸುಲಭವಾದವರ ಮೇಲೆ ಏನಾದರೂ ಹೊಣೆ ಬಿತ್ತೇ ಎಂಬುದು ಬೇರೆ ಪ್ರಶ್ನೆ. ಇಲ್ಲಿ ನಾವು ಯೋಚಿಸಬೇಕೆಂದಿರುವುದು ಆ ಪ್ರಶ್ನೆಯನ್ನು ಕುರಿತು.

ಹೊರನಾಡಿನಲ್ಲಿ ನೆಲೆಸಿದ ನಮ್ಮಂಥವರಿಗೆ ಚೆನ್ನಾಗಿ ಅರ್ಥವಾಗುವ ಉದಾಹರಣೆಯೆಂದರೆ ರೈಲಿನ ಟಿಕೆಟ್ಟು. ಹಿಂದೆ ಒಂದೊಂದು ಗಾಡಿಗೆ, ಒಂದೊಂದು ದರ್ಜೆಗೆ ಬೇರೆ ಬೇರೆ ಕಿಟಕಿಗಳಿದ್ದವು. ಗುಮಾಸ್ತರು ದಪ್ಪ ರಿಜಿಸ್ಟರಿನಲ್ಲಿ ಹೆಸರು ಬರೆದುಕೊಂಡು ರಟ್ಟಿನ ಟಿಕೆಟ್ಟು ಕೊಡುತ್ತಿದ್ದರು. ಊರಿನಿಂದ ಮರಳಿ ಬರುವ ಸೀಟು ಬೇಕೆಂದರೆ ಅಲ್ಲಿನ ನಿಲ್ದಾಣಕ್ಕೆ ತಂತಿ ಹೋಗಬೇಕು, ಅಲ್ಲಿಂದ ಉತ್ತರ ಬರಬೇಕು. ಮೇ ತಿಂಗಳ ರಜೆ ಬಂತೆಂದರೆ ಬೆಳಗಿನ ಜಾವವೇ ಹೋಗಿ ಸಾಲು ಹಿಡಿಯುವುದು, ತಂದೆ ಬರುವವರೆಗೆ ಮಗ ಜಾಗ ಕಾಯುವುದು, ಇವೆಲ್ಲ ಮುಂಬಯಿಯ ಕನ್ನಡ ಮನೆಗಳಿಗೆ ಹೊಸತಲ್ಲ. ಇಷ್ಟಾದರೂ ಕಿಟಕಿಯೊಳಗೆ ಗುರುತಿನವರಿದ್ದರೆ ಒಂದು ಲೆಕ್ಕ, ಇಲ್ಲದಿದ್ದರೆ ಇನ್ನೊಂದು ಲೆಕ್ಕ ಎಂಬ ಮಾತು ಜನರ ಬಾಯಲ್ಲಿತ್ತು.

1986ರಲ್ಲಿ ದೆಹಲಿಯಲ್ಲಿ ಗಣಕಯಂತ್ರದ ಮೂಲಕ ಸೀಟು ಕಾದಿರಿಸುವ ವ್ಯವಸ್ಥೆ ಆರಂಭವಾಯಿತು. ರೈಲ್ವೆಯ ಇಂಥ ಕೆಲಸಗಳಿಗೆಂದೇ ಕ್ರಿಸ್ ಎಂಬ ಸಂಸ್ಥೆ ಹುಟ್ಟಿದ್ದೂ ಅದೇ ವರ್ಷ. ಮುಂಬಯಿ, ಮದರಾಸು, ಕಲಕತ್ತೆಗಳಿಗೂ ಅದು ಹಬ್ಬಿತು. ಬೇರೆ ಬೇರೆಯಾಗಿದ್ದ ಈ ಕೇಂದ್ರಗಳು 1999ರ ಹೊತ್ತಿಗೆ ಒಂದಕ್ಕೊಂದು ಜೋಡಣೆಯಾಗಿ, ಯಾವ ಊರಿನ ಕಿಟಕಿಯಲ್ಲಿ ನಿಂತರೂ ಯಾವ ಊರಿನ ಟಿಕೆಟ್ಟಾದರೂ ಸಿಗುವಂತಾಯಿತು. 2002ರಲ್ಲಿ ಅಂತರಜಾಲದ ಮೂಲಕ ಟಿಕೆಟ್ಟು ಪಡೆಯುವ ಸೌಕರ್ಯ ಬಂತು. ಮೊದಮೊದಲು ಟಿಕೆಟ್ಟು ಕೊರಿಯರಿನಲ್ಲಿ ಮನೆಗೆ ಬರುತ್ತಿತ್ತು, ಬಳಿಕ ಅದರ ಅಗತ್ಯವೂ ಉಳಿಯಲಿಲ್ಲ. ಇಂದು ಕಾದಿರಿಸುವ ಟಿಕೆಟ್ಟುಗಳಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಈ ದಾರಿಯಿಂದಲೇ ಹೋಗುತ್ತವೆ.

ಇದರಲ್ಲಿ ಆದ ಲಾಭ ಬರೀ ಸಮಯದ್ದಲ್ಲ, ಧರ್ಮದ ಲಾಭವೂ ಉಂಟು. ಯಂತ್ರಕ್ಕೆ ಜಾತಿ ತಿಳಿಯದು, ಭಾಷೆಯ ಅಭಿಮಾನ ತಿಳಿಯದು, ಯಾರು ಯಾರ ನೆಂಟರೆಂಬುದೂ ತಿಳಿಯದು. ಕಾಯುವವರ ಪಟ್ಟಿಯಲ್ಲಿ ಹನ್ನೆರಡನೆಯವನಾದರೆ ಹನ್ನೆರಡನೆಯವನೇ. ಪರಸ್ಥಳದಲ್ಲಿ ವಶೀಲಿಯಿಲ್ಲದೆ ಬದುಕಿದ ಬಡ ಕುಟುಂಬಗಳಿಗೆ ಇದು ಸಣ್ಣ ಸಂಗತಿಯಲ್ಲ. ಗಣಕಯಂತ್ರವನ್ನು ಬೈಯುವವರು ಈ ಮಾತನ್ನು ಮರೆಯಬಾರದು.

ಆದರೆ ಶ್ರಮ ನಿಜವಾಗಿಯೂ ಮಾಯವಾಯಿತೇ? ಸ್ವಲ್ಪ ನಿಧಾನವಾಗಿ ನೋಡಿದರೆ, ಅದರ ಒಂದು ಪಾಲು ಕಿಟಕಿಯ ಒಳಗಿನಿಂದ ಹೊರಕ್ಕೆ ದಾಟಿದೆಯಷ್ಟೇ ಎಂದು ತಿಳಿಯುತ್ತದೆ. ಗುಮಾಸ್ತರು ಮಾಡುತ್ತಿದ್ದ ಕೆಲಸವನ್ನು ಈಗ ಪ್ರಯಾಣಿಕನೇ ಮಾಡುತ್ತಾನೆ. ಗಾಡಿಯನ್ನು ಹುಡುಕುವವನು, ಹೆಸರು ವಯಸ್ಸು ತುಂಬುವವನು, ಹಣ ಪಾವತಿ ಮಾಡುವವನು, ತಪ್ಪಾದರೆ ತಿದ್ದುವವನು ಎಲ್ಲ ಅವನೇ. ಇದಕ್ಕೆ ಒಂದು ಫೋನು ಬೇಕು, ಪಾಸ್‌ವರ್ಡ್ ನೆನಪಿರಬೇಕು, ಸಂದೇಶದಲ್ಲಿ ಬರುವ ಓಟಿಪಿಯನ್ನು ಅವಧಿಯೊಳಗೆ ಒತ್ತಬೇಕು. 2025ರ ಜುಲೈ 1ರಿಂದ ಅಂತರಜಾಲದಲ್ಲಿ ತತ್ಕಾಲ್ ಟಿಕೆಟ್ಟು ಪಡೆಯಲು ಆಧಾರ್ ದೃಢೀಕರಣವೂ ಆಗಿರಬೇಕು. ದಲ್ಲಾಳಿಗಳ ಹಾವಳಿ ತಡೆಯಲು ಮಾಡಿದ ನಿಯಮವಿದು, ಅದರ ಉದ್ದೇಶ ಒಳ್ಳೆಯದೇ. ಬಲ್ಲವರಿಗೆ ಇದೆಲ್ಲ ಎರಡು ನಿಮಿಷದ ಕೆಲಸ. ಅರಿಯದವರಿಗೆ ಅದು ಮುಚ್ಚಿದ ಬಾಗಿಲು.

ಆ ಬಾಗಿಲ ಹೊರಗೆ ನಿಂತವರು ಯಾರು? 1965ರ ಸುಮಾರಿಗೆ ಹದಿನಾಲ್ಕು ವರ್ಷದ ಹುಡುಗನಾಗಿ ಮುಂಬಯಿಗೆ ಬಂದವನನ್ನು ನೆನೆಯೋಣ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು, ತಮ್ಮ ತಂಗಿಯರ ಮದುವೆ ಮಾಡಿಸಿ, ಮಕ್ಕಳನ್ನು ಓದಿಸಿದವನು. ಭಾಷೆ ತಿಳಿಯದ ಊರಿನಲ್ಲಿ ಒಬ್ಬನೇ ದಾರಿ ಕಂಡುಕೊಂಡವನು. ಅಂಥವರಿಗೆ ಈಗ ಎಪ್ಪತ್ತೈದರ ಹತ್ತಿರ ವಯಸ್ಸು. ಯಾರ ಹಂಗೂ ಇಲ್ಲದೆ ಬದುಕಿದೆವೆಂಬುದೇ ಅವರ ಆಸ್ತಿ. ಇಂದು ಅವರು ತಂಗಿಯ ಮನೆಯ ಗೃಹಪ್ರವೇಶಕ್ಕೆ ಊರಿಗೆ ಹೋಗಬೇಕೆಂದರೆ, "ಮಗಾ, ನಿನಗೆ ಬಿಡುವಾದಾಗ ಒಂದು ಟಿಕೆಟ್ಟು ಮಾಡಿಕೊಡುತ್ತೀಯಾ?" ಎಂದು ಕೇಳಬೇಕಾಗಿದೆ. ಮಗ ಒಳ್ಳೆಯವನೇ, "ಆಯಿತಪ್ಪಾ, ನಾಳೆ ಮಾಡುತ್ತೇನೆ" ಎನ್ನುತ್ತಾನೆ. ನಾಳೆ ಅವನಿಗೆ ಆಫೀಸಿನ ಕೆಲಸ. ಮೂರನೆಯ ಸಲ ಕೇಳಲು ತಂದೆಗೆ ಸಂಕೋಚ. ಸಾಲಿನಲ್ಲಿ ನಾಲ್ಕು ಗಂಟೆ ನಿಂತಾಗ ಕಾಲು ನೋಯುತ್ತಿತ್ತು. ಈಗ ನೋಯುವುದು ಕಾಲಲ್ಲ.

ನಮ್ಮ ಹಿರಿಯರ ಗಾದೆಯೊಂದಿದೆ: ತಾ ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು. ಕೃಷಿಯ ಬದುಕಿನಲ್ಲಿ ಹುಟ್ಟಿದ ಈ ಮಾತನ್ನು ನಾವು ಕೆಲಸದ ಅಚ್ಚುಕಟ್ಟಿಗೆ ಸಂಬಂಧಿಸಿದ್ದೆಂದು ತಿಳಿಯುತ್ತೇವೆ. ಅದು ಮನುಷ್ಯನ ಮರ್ಯಾದೆಗೂ ಸಲ್ಲುವ ಮಾತು. ಮಗ ಪ್ರೀತಿಯಿಂದ ಮಾಡಿದರೂ ಗಾದೆ ಅದನ್ನು ಮಧ್ಯಮವೆಂದೇ ಎಣಿಸಿತು. ತನ್ನ ಕೈಯಿಂದ ಆಗಬಹುದಾದ ಕೆಲಸ ತನ್ನ ಕೈ ತಪ್ಪಿದಾಗ ಆಗುವ ನಷ್ಟವನ್ನು ಅದು ಬಲ್ಲದು.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಹಿಂದೆ ಓದುಬಾರದವರ ಕಾಗದವನ್ನು ಅಂಚೆಯವನು ಓದಿ ಹೇಳುತ್ತಿರಲಿಲ್ಲವೇ? ನೆರೆಯವರು ಉತ್ತರ ಬರೆದುಕೊಡುತ್ತಿರಲಿಲ್ಲವೇ? ಒಬ್ಬರಿಗೊಬ್ಬರು ಆಗುವುದೇ ಸಂಸಾರವಲ್ಲವೇ? ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಎರಡು ವ್ಯತ್ಯಾಸಗಳನ್ನು ಗಮನಿಸಬೇಕು. ಕಾಗದ ತಿಂಗಳಿಗೊಮ್ಮೆ ಬರುತ್ತಿತ್ತು. ಈಗ ದಿನಕ್ಕೆ ನಾಲ್ಕು ಸಲ ಇನ್ನೊಬ್ಬರ ಮುಖ ನೋಡಬೇಕು. ಕಾಗದ ಓದಿದವನ ಕೈಗೆ ಮನೆಯ ಬೀಗದ ಕೈ ಹೋಗುತ್ತಿರಲಿಲ್ಲ. ಈಗ ಖಾತೆಯ ಪಾಸ್‌ವರ್ಡ್ ಒಪ್ಪಿಸಿದರೆ ಜೀವಮಾನದ ಉಳಿತಾಯವನ್ನೇ ಒಪ್ಪಿಸಿದಂತೆ. ಮನೆಯಲ್ಲಿ ಕೇಳಲು ಸಂಕೋಚಪಟ್ಟ ಹಿರಿಯರು, ಬ್ಯಾಂಕಿನವರೆಂದು ಹೇಳಿಕೊಂಡು ಫೋನಿನಲ್ಲಿ ನಯವಾಗಿ ಮಾತನಾಡುವ ಮೋಸಗಾರರನ್ನು ನಂಬಿದರೆ ಆಶ್ಚರ್ಯವೇನು?

ಹಾಗೆಂದು ಯಂತ್ರವನ್ನು ದೂರುವುದು ನ್ಯಾಯವಲ್ಲ. ಹೊಂದಿಸುವವರು ಮನಸ್ಸು ಮಾಡಿದರೆ ಅದು ಅಶಕ್ತರ ಬಳಿಗೂ ಬರಬಲ್ಲದು. ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ಕೊಡಬೇಕಾದ ಜೀವಂತ ಪ್ರಮಾಣಪತ್ರವನ್ನೇ ನೋಡೋಣ. ಪಿಂಚಣಿ ಧಾರವಾಡದಲ್ಲಿ, ವಾಸ ಪುಣೆಯ ಮಗಳ ಮನೆಯಲ್ಲಿ ಎಂಬಂಥವರಿಗೆ ಅದೊಂದು ದೊಡ್ಡ ತಾಪತ್ರಯವಾಗಿತ್ತು. 2014ರಲ್ಲಿ ಜೀವನ್ ಪ್ರಮಾಣ್ ಬಂದು, ಬೆರಳಚ್ಚು ಕೊಟ್ಟರೆ ಸಾಕೆಂದಾಯಿತು. ಆದರೆ ಮುಪ್ಪಿನಲ್ಲಿ, ದುಡಿದು ಸವೆದ ಬೆರಳುಗಳಲ್ಲಿ ಗೆರೆಗಳು ಮಾಸಿರುತ್ತವೆ. ಯಂತ್ರಕ್ಕೆ ಗುರುತು ಸಿಗುವುದಿಲ್ಲ. 2021ರಲ್ಲಿ ಮುಖ ನೋಡಿ ಗುರುತಿಸುವ ಏರ್ಪಾಡು ಸೇರಿತು. ಹಾಗೆಯೇ 2022ರಲ್ಲಿ, ಅಂತರಜಾಲವಿಲ್ಲದ ಸಾಮಾನ್ಯ ಫೋನಿನಿಂದಲೂ ಯುಪಿಐ ಮೂಲಕ ಹಣ ಕೊಡುವ ವಿಧಾನ ಜಾರಿಗೆ ಬಂತು. ಮನುಷ್ಯ ಯಂತ್ರಕ್ಕೆ ಹೊಂದಿಕೊಳ್ಳುವಷ್ಟೇ ಯಂತ್ರವೂ ಮನುಷ್ಯನಿಗೆ ಹೊಂದಿಕೊಳ್ಳಬೇಕೆಂಬ ವಿವೇಕ ಇಲ್ಲಿ ಕಾಣುತ್ತದೆ. ಕಿಟಕಿಗಳನ್ನು ಒಂದೊಂದಾಗಿ ಮುಚ್ಚುವ ಮೊದಲು ಎಲ್ಲ ಕಚೇರಿಗಳೂ ಈ ವಿವೇಕವನ್ನು ತೋರಬೇಕೆಂದು ಕೇಳುವುದು ನಾಗರಿಕರಾಗಿ ನಮ್ಮ ಹಕ್ಕು.

ಕಚೇರಿಗಳ ಹೊಣೆ ಹೇಳಿದ ಮೇಲೆ ಮನೆಯ ಹೊಣೆಯನ್ನೂ ಹೇಳಬೇಕು. ಸಾಲಿನಲ್ಲಿ ನಿಲ್ಲದೆ ಉಳಿದ ನಾಲ್ಕು ಗಂಟೆ ಯಾರದು? ನಮ್ಮದೇ ಎಂದುಕೊಳ್ಳುವುದು ಸಹಜ. ಆದರೆ ಆ ಬಿಡುವು ನಮ್ಮೊಬ್ಬರ ಜಾಣ್ಮೆಯಿಂದ ಬಂದದ್ದಲ್ಲ. ನಮ್ಮನ್ನು ಓದಿಸಲು ಯಾರು ಸಾಲಿನಲ್ಲಿ ನಿಂತರೋ, ಅವರ ದುಡಿಮೆಯಿಂದಲೇ ಫೋನನ್ನು ಲೀಲಾಜಾಲವಾಗಿ ಬಳಸುವ ಕೈ ನಮ್ಮದಾಯಿತು. ಆದ್ದರಿಂದ ಉಳಿದ ಗಂಟೆಗಳಲ್ಲಿ ಒಂದು ಪಾಲು ಅವರಿಗೆ ಸಲ್ಲಬೇಕಾದ ಋಣವೆಂದೇ ನಾವು ಭಾವಿಸುತ್ತೇವೆ.

ಆ ಋಣವನ್ನು ತೀರಿಸುವ ಬಗೆ ಯಾವುದು? "ಕೊಡಿ ಇಲ್ಲಿ" ಎಂದು ಫೋನು ಕಸಿದು ಎರಡು ನಿಮಿಷದಲ್ಲಿ ಮುಗಿಸುವುದಲ್ಲ. ಅದರಿಂದ ಕೆಲಸವಾಗುತ್ತದೆ, ಕಲಿಕೆಯಾಗುವುದಿಲ್ಲ. ಪಕ್ಕದಲ್ಲಿ ಕುಳಿತು, ಫೋನನ್ನು ಅವರ ಕೈಯಲ್ಲೇ ಬಿಟ್ಟು, ತಪ್ಪಿದರೆ ಮತ್ತೊಮ್ಮೆ ಹೇಳುವುದು. ಅಕ್ಷರ ದೊಡ್ಡದು ಮಾಡಿಕೊಡುವುದು. ಕನ್ನಡದಲ್ಲಿ ತೋರಿಸುವ ಅನುಕೂಲವಿದ್ದಲ್ಲಿ ಅದನ್ನು ಹಾಕಿಕೊಡುವುದು. ಓಟಿಪಿಯನ್ನು ಯಾರಿಗೂ, ಎಷ್ಟೇ ಒಳ್ಳೆಯ ಮಾತಾಡಿದವರಿಗೂ ಹೇಳಬಾರದೆಂದು ತಿಳಿಸುವುದು. ಅವರು ನಮಗೆ ಸೈಕಲ್ ಕಲಿಸಿದ್ದು ಹೀಗೆಯೇ ಅಲ್ಲವೇ? ಕಲಿಯಲು ಆಗದಷ್ಟು ವಯಸ್ಸಾದವರಿಗೆ, ಕೇಳುವ ಮೊದಲೇ ಮಾಡಿಕೊಟ್ಟರೆ ಕೇಳುವ ಸಂಕೋಚವಾದರೂ ತಪ್ಪುತ್ತದೆ.

ಮಕ್ಕಳು ದೂರದಲ್ಲಿರುವ ವೃದ್ಧ ದಂಪತಿಗಳು ನಮ್ಮಲ್ಲಿ ಕಡಿಮೆಯಿಲ್ಲ. ಅವರ ವಿಷಯದಲ್ಲಿ ಸಂಘ ಸಂಸ್ಥೆಗಳು ನೆರವಾಗಬಹುದು. ನಾಟಕ, ಯಕ್ಷಗಾನಗಳಿಗೆ ಜನ ಕೂಡುವ ಸಭಾಗೃಹದ ಒಂದು ಮೂಲೆಯಲ್ಲಿ, ಭಾನುವಾರ ಎರಡು ಗಂಟೆ, ಕಾಲೇಜಿನ ಇಬ್ಬರು ಹುಡುಗರು ಒಂದು ಮೇಜು ಹಾಕಿಕೊಂಡು ಕುಳಿತರೆ ಸಾಕು. ಖರ್ಚಿನ ಬಾಬತ್ತೇನೂ ಅಲ್ಲ. ಹಿಂದೆ ರಾತ್ರಿಶಾಲೆಗಳನ್ನು ನಡೆಸಿದ ಸಮಾಜಕ್ಕೆ ಇದು ಹೊಸ ಕೆಲಸವೂ ಅಲ್ಲ. ಅಂದು ಕಲಿಸಿದ್ದು ಅಕ್ಷರ, ಇಂದು ಕಲಿಸಬೇಕಾದ್ದು ಗುಂಡಿ ಒತ್ತುವುದನ್ನು. ಎರಡರ ಉದ್ದೇಶವೂ ಒಂದೇ: ಮನುಷ್ಯ ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುವಂತಾಗಬೇಕು. ಈ ತಿಂಗಳು ಮನೆಯ ಹಿರಿಯರೊಬ್ಬರು ತಮ್ಮ ಊರಿನ ಟಿಕೆಟ್ಟನ್ನು ತಾವೇ ತೆಗೆದರೆ, ಗಣಕಯಂತ್ರ ಆ ಮನೆಗೆ ನಿಜವಾಗಿ ಬಂದಂತಾಯಿತೆಂದು ನಾವು ತಿಳಿಯುತ್ತೇವೆ.